ಅಲ್ಲಾಡಿಸಿ ನೋಡಿದ ರಿವಾಲ್ವರ್

ಕಳೆದ ಚುನಾವಣೆ ಘೋಷಣೆಯಾದ ಐದನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನನ್ನ ಭಾವ ತಮ್ಮ ಪರವಾನಗಿ ಇರುವ ರಿವಾಲ್ವರನ್ನು ಪೊಲೀಸ್ ಠಾಣೆಗೆ ಒಪ್ಪಿಸಿದರು. ಅದರಲ್ಲಿ ಎರಡು ಗುಂಡುಗಳಿದ್ದವು. ಖಾಲಿ ಎಂದು ಅವರು ಒಂದು ನಿಮಿಷ ಮೊದಲು ಹೇಳಿದ್ದರು.

ಭಾವ ಎಂದರೆ ಅಕ್ಕನ ಗಂಡ. ಉಡುಪಿ ಕಡೆಯವರು, ಚೆನ್ನೈನ ವಡಪಳನಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಚುನಾವಣೆ ಬಂತೆಂದರೆ ಖಾಸಗಿಯವರು ಬಂದೂಕನ್ನು ಠಾಣೆಯಲ್ಲಿಟ್ಟು ರಸೀದಿ ಪಡೆಯಬೇಕು. ಎಲ್ಲ ಮುಗಿದ ಮೇಲೆ ಆ ರಸೀದಿ ತೋರಿಸಿ ವಾಪಸು ತರಬಹುದು. ಭಾವ ಅದನ್ನು ಟವೆಲಿನಲ್ಲಿ ಸುತ್ತಿ ಹಳದಿ ಬಟ್ಟೆಚೀಲಕ್ಕೆ ಹಾಕಿಕೊಂಡರು. ಒಬ್ಬರೇ ಆಟೋದಲ್ಲಿ ಹೋಗಲು ಧೈರ್ಯವಿಲ್ಲದೆ ನನ್ನನ್ನು ಕರೆದರು. ಜೀವಭಯವಿದೆ ಎಂದು ಅರ್ಜಿ ಹಾಕಿ ಬಂದೂಕು ಪಡೆದವರು ಅವರು. ಆ ಜೀವಭಯದ ಮೂಲ, ಪಕ್ಕದ ಅಂಗಡಿಯವನೊಂದಿಗೆ ಸ್ಕೂಟರ್ ನಿಲ್ಲಿಸುವ ಜಾಗಕ್ಕಾಗಿ ನಡೆದ ಒಂದು ಜಗಳ.

ಠಾಣೆಯಲ್ಲಿ ರಿಜಿಸ್ಟರ್ ಬರೆಯುತ್ತಿದ್ದವರು ಐವತ್ತರ ಆಸುಪಾಸಿನ ಮಹಿಳಾ ಹೆಡ್ ಕಾನ್‌ಸ್ಟೇಬಲ್. "ಗುಂಡು ಎಡುತ್ತಾಚ್ಚಾ ಸಾರ್?" ಎಂದು ತಲೆಯೆತ್ತದೆ ಕೇಳಿದರು. ತೆಗೆದಾಗಿದೆ, ಖಾಲಿ ಎಂದರು ಭಾವ. ಹಾಗೆನ್ನುತ್ತಲೇ ಚೀಲದಿಂದ ಹೊರತೆಗೆದ ರಿವಾಲ್ವರಿನ ನಳಿಗೆ ನೇರವಾಗಿ ಆಕೆಯ ಹೊಟ್ಟೆಯತ್ತ ಇತ್ತು. ಆಕೆ ಅದನ್ನು ಗೋಡೆಯ ಕಡೆಗೆ ತಿರುಗಿಸಿ, ಕೈಗೆ ತೆಗೆದುಕೊಂಡು, ಬಿಚ್ಚಿ ಬಾಗಿಸಿದರು. ಎರಡು ಗುಂಡುಗಳು ರಿಜಿಸ್ಟರಿನ ಮೇಲೆ ಉರುಳಿದವು.

"ಇದು ಎನ್ನ ಸಾರ್, ಸುಂಡಲಾ?"

ಸುಂಡಲ್ ಎಂದರೆ ಬೀಚಿನಲ್ಲಿ ಪೊಟ್ಟಣ ಕಟ್ಟಿ ಮಾರುವ ಕಡಲೆ ಉಸಲಿ. ಬೆಂಚಿನ ಮೇಲೆ ಸರದಿಗೆ ಕಾದಿದ್ದವರು ನಕ್ಕರು. ಭಾವ ನಗಲಿಲ್ಲ. "ಆಟ್ಟಿ ಪಾತ್ತೇನ್ ಮೇಡಂ, ಸತ್ತಮೇ ವರಲ" ಎಂದರು. ಅಲ್ಲಾಡಿಸಿ ನೋಡಿದ್ದೆ, ಸದ್ದೇ ಬರಲಿಲ್ಲ ಎಂಬುದು ಅವರ ಸಮರ್ಥನೆ. ಆಕೆ ಪೆನ್ನು ಕೆಳಗಿಟ್ಟು ಅವರ ಮುಖವನ್ನು ನೋಡಿದರು. ಆಮೇಲೆ ರಸೀದಿ ಬರೆದುಕೊಟ್ಟರು.

ಹೋಟೆಲಿಗೆ ತೆಂಗಿನಕಾಯಿ ಕೊಳ್ಳುವಾಗ ಭಾವ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ರಿವಾಲ್ವರನ್ನೂ ಹಾಗೆಯೇ ನೋಡುತ್ತಿದ್ದರಂತೆ. ಬೀದಿಯಲ್ಲಿ ಸರಗಳ್ಳತನವಾದ ದಿನ ಗುಂಡು ತುಂಬಿದ್ದರು. ಮರುದಿನ ಸಿಕ್ಕಷ್ಟು ತೆಗೆದರು. ಉಳಿದವನ್ನು ಕಿವಿಯಿಂದ ಪರೀಕ್ಷಿಸಿದರು.

ಅವರು ತರಬೇತಿ ಪಡೆಯದವರೇನಲ್ಲ. ಪ್ರಮಾಣಪತ್ರ ಚೌಕಟ್ಟಿನೊಳಗೆ ಕೂತು ಗಲ್ಲಾದ ಹಿಂದೆ, ದೇವರ ಪಟಗಳ ಸಾಲಿನಲ್ಲಿ ತೂಗುತ್ತಿದೆ. ಊರಾಚೆ ಎಲ್ಲೋ ಅರ್ಧ ದಿನ ನಡೆದ ತರಬೇತಿ ಅದು. ಎಷ್ಟು ಗುಂಡು ಹಾರಿಸಿದಿರಿ ಎಂದು ಒಮ್ಮೆ ಕೇಳಿದ್ದೆ.

"ಐದು."

"ಗುರಿಗೆ ತಾಗಿದ್ದು?"

"ಅದನ್ನೆಲ್ಲ ಅವರು ನೋಡ್ಲಿಕ್ಕೆ ಹೋಗ್ಲಿಲ್ಲ ಮಾರಾಯ. ಫೋಟೋ ಚಂದ ತೆಗ್ದಿದ್ದಾರೆ."

ಇದೇ ಮನುಷ್ಯನ ಅಡುಗೆಮನೆಗೆ ಹೊಸದಾಗಿ ಬಂದವರು ಆರು ತಿಂಗಳು ತರಕಾರಿ ಹೆಚ್ಚಬೇಕು, ಒಂದು ವರ್ಷ ಇಡ್ಲಿ ಪಾತ್ರೆಯ ಮುಂದೆ ನಿಲ್ಲಬೇಕು. ಆಮೇಲೆ ದೋಸೆಕಲ್ಲು. ನೀರು ಚಿಮುಕಿಸಿ ಕಾವು ನೋಡದೆ ಹಿಟ್ಟು ಹೊಯ್ದ ತಪ್ಪಿಗೆ, ಹದಿನೈದು ವರ್ಷ ಅನುಭವವಿದ್ದ ಅಡುಗೆಯವರೊಬ್ಬರನ್ನು ಭಾವ ಮತ್ತೆ ತರಕಾರಿಗೆ ಕಳಿಸಿದ್ದನ್ನು ನಾನು ಕಂಡಿದ್ದೇನೆ. ದೋಸೆ ಸೀದರೆ ಹೋಗುವುದು ಒಂದು ದೋಸೆ.

ಠಾಣೆಯಿಂದ ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಅಕ್ಕ ಕೂತುಬಿಟ್ಟಳು. ನಾಲ್ಕು ವರ್ಷಗಳಿಂದ ಪ್ರತಿ ಶುಕ್ರವಾರ ಬೀರುವಿನಿಂದ ಅದನ್ನು ತೆಗೆದು, ಒರೆಸಿ, ಹಿಡಿಗೆ ಕುಂಕುಮವಿಟ್ಟವಳು ಅವಳು. ಖಾಲಿ ಎಂದು ಅವಳಿಗೆ ಹೇಳಿದವರು ಭಾವ.

"ಮಡಿಲಲ್ಲಿ ಇಟ್ಕೊಂಡು ಒರೆಸಿದ್ದೇನೆ ಅದನ್ನ" ಎಂದಳು.

"ಈಗ ಎಂತ ಆಯ್ತು? ಎಂತ ಆಗ್ಲಿಲ್ಲ ಅಲ್ವಾ?" ಎಂದರು ಭಾವ.

"ಆಗಿದ್ರೆ ಈ ಪ್ರಶ್ನೆ ಯಾರ ಹತ್ರ ಕೇಳ್ತಿದ್ರಿ?"

ಕನ್ನಡ ಅರ್ಥವಾದರೂ ತಮಿಳಿನಲ್ಲೇ ಉತ್ತರಿಸುವ ಅವರ ಮಗಳು ಫೋನಿನಿಂದ ಕಣ್ಣೆತ್ತಿದಳು. "ಬೈಕ್ ಲೈಸೆನ್ಸ್‌ಗೇ ಎಟ್ಟು ಪೋಡ ಸೊಲ್ರಾಂಗ ಪ್ಪಾ. ಉಂಗಳುಕ್ಕು ಒಣ್ಣುಮೇ ಕೇಕ್ಕಲಿಯಾ?" ಬೈಕಿನ ಪರವಾನಗಿಗೇ ಎಂಟರ ಆಕಾರದಲ್ಲಿ ಓಡಿಸಿ ತೋರಿಸಬೇಕು, ನಿಮ್ಮನ್ನು ಏನೂ ಕೇಳಲಿಲ್ಲವೇ ಎಂದು. ಭಾವ ಕಾಫಿ ಕೇಳಿದರು. ಯಾರೂ ಏಳಲಿಲ್ಲ.

ಬಂದೂಕು ಇಟ್ಟುಕೊಳ್ಳುವವನಿಗೆ ಎಷ್ಟು ತರಬೇತಿ ಬೇಕು ಎಂಬುದರ ಬಗ್ಗೆ ಸುದ್ದಿಮನೆಯಲ್ಲಿ ಎರಡೂ ಕಡೆಯ ವಾದಗಳನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನು. ಪ್ರಮಾಣಪತ್ರವಿದ್ದರೆ ಸಾಕು ಎನ್ನುವ ಕಡೆಯ ಬಗ್ಗೆ ನನ್ನಲ್ಲಿ ಈಗ ಸಹನೆ ಉಳಿದಿಲ್ಲ. ಪ್ರಮಾಣಪತ್ರ ಹೇಳುವುದು ಇವರು ಬಂದಿದ್ದರು ಎಂದಷ್ಟೇ. ಮದುವೆಯ ಫೋಟೋ ಕೂಡ ಅಷ್ಟು ಹೇಳುತ್ತದೆ. ವರ್ಷಕ್ಕೊಮ್ಮೆಯಾದರೂ, ನಪಾಸು ಮಾಡುವ ಅಧಿಕಾರವಿರುವ ಒಬ್ಬರ ಎದುರು ಗುಂಡು ತುಂಬಿ, ತೆಗೆದು, ಖಾಲಿ ಎಂದು ಕಣ್ಣಿಗೆ ತೋರಿಸಲಾಗದವನು ಅದನ್ನು ಮನೆಯಲ್ಲಿಡಬಾರದು. ಠಾಣೆಯ ಆ ಹೆಂಗಸಿಗೆ ಅದಕ್ಕೆ ಹಿಡಿದದ್ದು ಮೂರು ಸೆಕೆಂಡು.

ಅಕ್ಕ ರಸೀದಿಯನ್ನು ಭಾವನ ಅಂಗಿಯ ಜೇಬಿನಿಂದ ತೆಗೆದುಕೊಂಡಳು. ಸರಿಯಾಗಿ ಕಲಿಸುವವರೊಬ್ಬರನ್ನು ತಾನೇ ವಿಚಾರಿಸಿ ಗೊತ್ತುಮಾಡಿದಳು. ಹನ್ನೆರಡು ಪಾಠ, ಪ್ರತಿ ಭಾನುವಾರ. ಕೊನೆಗೆ ತನ್ನ ಎದುರು ಹತ್ತು ಸಲ ಖಾಲಿ ಮಾಡಿ ತೋರಿಸಬೇಕು. ಅಲ್ಲಿಯವರೆಗೆ ರಸೀದಿ ಕೊಡುವುದಿಲ್ಲ ಎಂದಳು. ಭಾವ ಒಪ್ಪಿದರು.

ಫಲಿತಾಂಶ ಬಂತು. ಬೀದಿಯ ಉಳಿದ ಪರವಾನಗಿದಾರರು ತಮ್ಮ ತಮ್ಮ ಬಂದೂಕುಗಳನ್ನು ವಾಪಸು ತಂದರು. ಭಾವ ಮೂರು ಪಾಠಗಳಿಗೆ ಹೋದರು. ನಾಲ್ಕನೆಯದಕ್ಕೆ, ಕಳೆದ ಭಾನುವಾರ, ಭುಜ ನೋವೆಂದು ಹೋಗಲಿಲ್ಲ. ರಿವಾಲ್ವರ್ ಠಾಣೆಯಲ್ಲಿದೆ.