ಗಂಗೆಪೂಜೆಗೆ ಆರಿಸಿದ ಎಂಜಿನ್

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬೋರ್‌ವೆಲ್ ಲಾರಿಯ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದೆ. ಅದನ್ನು ಓಡಿಸಲು ದೊಡ್ಡ ಡೀಸೆಲ್ ಎಂಜಿನ್, ಎಂಜಿನ್ನಿನ ಪಕ್ಕದಲ್ಲಿ ಬಸವನಹುಳುವಿನಂತೆ ಸುತ್ತಿಕೊಂಡ ಟರ್ಬೊ. ಎಂಜಿನ್ ಉಗುಳುವ ಬಿಸಿ ಹೊಗೆಯಿಂದಲೇ ತಿರುಗಿ, ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರ ಅದು. ಗಂಟೆಗಟ್ಟಲೆ ಬಂಡೆ ಕೊರೆದರೆ ಕೆಂಪಗೆ ಕಾಯುತ್ತಿತ್ತು. ಆಗ ಎಂಜಿನ್ನನ್ನು ತಟ್ಟನೆ ಆರಿಸಬಾರದು. ಐದು ನಿಮಿಷ ನಿಧಾನಕ್ಕೆ ಓಡಿಸಿ ತಣಿಸಬೇಕು. ಇಲ್ಲದಿದ್ದರೆ ಟರ್ಬೊ ಒಳಗಿನ ಎಣ್ಣೆ ಸೀದು, ತಿರುಗುವ ಶಾಫ್ಟ್ ಹಿಡಿದುಕೊಳ್ಳುತ್ತದೆ. ಹೊಸಬರಿಗೆಲ್ಲ ಈ ಪಾಠ ಹೇಳುತ್ತಿದ್ದವನೇ ನಾನು. ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಆಂಧ್ರದ ಗಡಿಯಲ್ಲಿ, ನಂಗಲಿಯ ಆಚೆ ಒಬ್ಬ ಅಜ್ಜಿಯ ಹಿಪ್ಪುನೇರಳೆ ತೋಟದಲ್ಲಿ ಎರಡು ದಿನ ಕೊರೆದರೂ ಬರೀ ಧೂಳು. ಮೂರನೆಯ ದಿನ ಮಧ್ಯಾಹ್ನ ನೀರು ಬಿತ್ತು. ನೀರು ಬಿದ್ದ ಮೇಲೆ ಗಂಗೆಪೂಜೆ ಆಗದೆ ಮುಂದೆ ಕೊರೆಯುವ ಹಾಗಿಲ್ಲ. ಅಜ್ಜಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಂದವರು, ಎಂಜಿನ್ನಿನ ಅಬ್ಬರಕ್ಕೆ ಹೆದರಿ ದೂರದಲ್ಲೇ ನಿಂತು, ನಿಲ್ಲಿಸಪ್ಪಾ ಎಂದು ತೆಲುಗಿನಲ್ಲಿ ಕೂಗಿ ಕೈ ಆಡಿಸಿದರು. ಅವರು ಅಳುತ್ತಲೇ ನಗುತ್ತಿದ್ದರು. ನಾನೂ ಸಂಭ್ರಮದಲ್ಲಿ ಮೈಮರೆತು ಆರಿಸಿಬಿಟ್ಟೆ.

ಪೂಜೆ ಮುಗಿಸಿ ಸ್ಟಾರ್ಟ್ ಮಾಡಿದರೆ ಟರ್ಬೊ ಕಿರುಗುಟ್ಟಿ ನಿಂತಿತು. ಎಂಜಿನ್ ಕಪ್ಪು ಹೊಗೆ ಕಾರಿತು. ಮರುದಿನ ಮುಳಬಾಗಿಲಿನಿಂದ ಬಂದ ಮೆಕ್ಯಾನಿಕ್ ಸಾಬರು ಅದನ್ನು ಬಿಚ್ಚಿ, ಇದ್ದಿಲಾಗಿದ್ದ ಎಣ್ಣೆಯನ್ನು, ಸುದ್ದಿ ತಿಳಿದು ಬಂದಿದ್ದ ಲಾರಿಯ ಮಾಲೀಕರಿಗೆ ತೋರಿಸಿದರು. ಬಿಸಿಯಲ್ಲಿ ಆರಿಸಿದ್ದು ಯಾರು ಎಂದು ಮಾಲೀಕರು ಕೇಳಿದರು. ನಾನೇ ಎಂದೆ. ಹಾಗಾದರೆ ಗಂಟು ಕಟ್ಟು, ಊರಿಗೆ ಹೋಗು ಎಂದರು. ಮನೆಯಲ್ಲಿ ಹೆಂಡತಿ ತುಂಬು ಬಸುರಿ. ತಪ್ಪು ನನ್ನದೇ ಆದರೂ ಸಿಟ್ಟು ಬಂತು, ಅಳುವೂ ಬಂತು.

ಬಟ್ಟೆ ತುಂಬಿಕೊಳ್ಳುತ್ತಿದ್ದಾಗ ಅಜ್ಜಿ ಮಾಲೀಕರ ಎದುರು ಬಂದು ನಿಂತರು. ಆರಿಸಲು ಹೇಳಿದ್ದು ತಾನೇ ಎಂದರು. ನಿಮಗೆ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತಲ್ಲ ಎಂದರು ಮಾಲೀಕರು. ಅದೂ ನ್ಯಾಯವೇ.

"ಗೊತ್ತಿದ್ದೂ ಮಾಡ್ದ ಅಂದ್ರೆ ನಮ್ಮ ಸಂತೋಷ ನೋಡಿ ಮಾಡ್ದ ಕಣಪ್ಪ," ಎಂದರು ಅಜ್ಜಿ. "ನಮ್ಗೆ ನೀರು ಸಿಕ್ಕಿ ಇವನ ಅನ್ನ ಹೋದ್ರೆ, ಆ ನೀರು ನಮ್ಮ ಗಂಟಲಲ್ಲಿ ಇಳಿಯಲ್ಲ."

ಮಾಲೀಕರು ನನ್ನ ಮುಖ ನೋಡದೆ, ಹೋಗಿ ಸಾಬರಿಗೆ ಸ್ಪ್ಯಾನರ್ ಎತ್ತಿಕೊಡು ಎಂದರು.

ಮುಂದೆ ಎಷ್ಟೋ ವರ್ಷ ಅದೇ ಲಾರಿಯಲ್ಲಿ ದುಡಿದು ಮಕ್ಕಳನ್ನು ಸಾಕಿದೆ. ನನ್ನ ಮನೆಯವರು ಉಂಡ ಅನ್ನ ಆ ಅಜ್ಜಿ ಉಳಿಸಿಕೊಟ್ಟದ್ದು. ಅವತ್ತೇ ಅವರ ಕಾಲು ಮುಟ್ಟಬೇಕಿತ್ತು. ಮಾಲೀಕರ ಮನಸ್ಸು ಎಲ್ಲಿ ಬದಲಾಗುತ್ತದೋ ಎಂಬ ಭಯದಲ್ಲಿ, ಅಜ್ಜಿಯ ಕಡೆ ತಿರುಗಿಯೂ ನೋಡದೆ ಸ್ಪ್ಯಾನರ್ ಹುಡುಕಲು ಓಡಿಬಿಟ್ಟೆ.