ಶರತ್ತಿಲ್ಲದ ಆರು ಎಕರೆ

ಕೊಪ್ಪಳದಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿ ಆರು ಎಕರೆ ಎರೆಹೊಲ ಮಾರಾಟಕ್ಕಿದೆ ಎಂದು ತಿಳಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಅದರ ಮೇಲೆ ಬೇರೆ ಯಾರ ಹಕ್ಕಾದರೂ ಇದೆಯೇ? ಅಲ್ಲಿ ಬಾವಿ ತೋಡಿಸಿ, ಎರಡು ಖೋಲಿಯ ಮನೆ ಕಟ್ಟಿ, ನಾನೊಬ್ಬಳೇ ಇರಬೇಕೆಂದಿದ್ದೆ. ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸಿ ಉಳಿಸಿದ ಸಂಬಳವೆಲ್ಲ ಅದಕ್ಕೇ ಮೀಸಲಾಗಿತ್ತು.

ಮಾರುವವರು ಗಂಗಾವತಿಯ ಮಗಳ ಮನೆಗೆ ಹೊರಟಿದ್ದ ಒಬ್ಬ ಮುಸ್ಲಿಂ ಮುದುಕರು. "ಯಾರ ತಂಟೇನೂ ಇಲ್ರಿ ಬಾಯಿ. ಬೇಕಾದ್ದು ಬಿತ್ರಿ, ಬೇಕಾದ್ದು ಕಟ್ರಿ" ಎಂದರು.

ಅಕ್ಕಪಕ್ಕದ ಹೊಲದವರ ಮುಂದೆ ಖರೀದಿಪತ್ರ ಓದಿಸಿ, ಆಮೇಲೆ ಕೊಂಡವರು ಬರಿಗಾಲಲ್ಲಿ ಹೊಲದ ಸುತ್ತ ಬದು ತುಳಿಯುವುದು ಅಲ್ಲಿಯ ರೂಢಿ. ಕೊಂಡವಳು ಹೆಣ್ಣಾದರೆ ಅವಳ ಪರವಾಗಿ ಮನೆಯ ಗಂಡಸು ತುಳಿಯಬೇಕು. ಅದಕ್ಕೆಂದೇ ನನ್ನ ಅಪ್ಪನ ತಮ್ಮ, ಕಾಕಾ, ಹೊಸ ರುಮಾಲು ಕಟ್ಟಿಕೊಂಡು ಬಂದಿದ್ದರು.

ಆಗಿನ್ನೂ ನಿಜಾಮರ ಆಳ್ವಿಕೆ; ಪತ್ರ ಉರ್ದುವಿನಲ್ಲಿತ್ತು. ಊರ ಲೆಕ್ಕ ಬರೆಯುವ ಕುಲಕರ್ಣಿಗಳು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿ, ಮಸಿಯ ಡಬ್ಬಿಯನ್ನು ನನ್ನತ್ತ ಸರಿಸಿದರು. "ಹೆಬ್ಬಟ್ಟು ಒತ್ರಿ ತಾಯಿ."

"ಕಾಗದ ಕೊಡ್ರಿ, ಓದತೀನಿ."

"ಉರ್ದು ಐತ್ರಿ ಅದು."

"ಹೈದರಾಬಾದಿನಾಗ ನಾ ಬಿ.ಎ. ಓದಿದ್ದು ಅದರಾಗನ."

ಕಾಕಾನಿಗೆ ಅದು ಗೊತ್ತಿತ್ತು. ಆದರೆ ಅಷ್ಟು ಗಂಡಸರ ನಡುವೆ ನಾನು ಕೈಚಾಚಿ ಕಾಗದ ಕೇಳಿಯೇನು ಎಂದು ಅವರು ಎಣಿಸಿರಲಿಲ್ಲ. ಕೊನೆಯಲ್ಲಿ ಕುಲಕರ್ಣಿಗಳು ಓದದೇ ಬಿಟ್ಟ ಮೂರು ಸಾಲುಗಳಿದ್ದವು: ಕಾಕಾನ ಒಪ್ಪಿಗೆಯಿಲ್ಲದೆ ನಾನು ಬಾವಿ ತೋಡುವಂತಿಲ್ಲ, ಮನೆ ಕಟ್ಟುವಂತಿಲ್ಲ, ಮಾರುವಂತಿಲ್ಲ. ಅವನ್ನು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಓದಿದೆ.

"ನಿನ್ನ ಒಳ್ಳೇದಕ್ಕ ಬರಸೀನವ್ವ" ಎಂದರು ಕಾಕಾ. "ನಾಳೆ ಯಾರರ ನಿನ್ನ ಮಳ್ಳ ಮಾಡಿ ಹೊಲ ಬರಸ್ಕೊಂಡ್ರ?"

ಮುದುಕರು ನಕ್ಕರು. "ಮಾರೋ ನಾನ ಏನೂ ಶರತ್ತು ಹಾಕಿಲ್ಲ. ನೀವು ಎಲ್ಲಿ ಧಣಿ ಬಂದ್ರಿ?"

ಸುತ್ತಲಿದ್ದವರೂ ನಕ್ಕದ್ದು ಕಾಕಾನನ್ನು ಕೆರಳಿಸಿತು.

"ಈ ಮೂರು ಸಾಲು ತಗದು ಬ್ಯಾರೆ ಪತ್ರ ಬರೀರಿ" ಎಂದೆ. "ಇಲ್ಲಂದ್ರ ಸಹಿ ಮಾಡಂಗಿಲ್ಲ."

"ತಗದ್ರ ನಾ ಬದು ತುಳಿಯಂಗಿಲ್ಲ. ಇಷ್ಟು ಮಂದಿ ಮುಂದ ಒಬ್ಬಾಕಿನ ತಿರುಗ್ತಿ?"

"ತಿರುಗತೀನಿ."

ಸ್ಟಾಂಪ್ ಕಾಗದ ಹಾಳಾಯಿತೆಂದು ಗೊಣಗುತ್ತ ಕುಲಕರ್ಣಿಗಳು ಬೇರೊಂದರಲ್ಲಿ ಬರೆದರು. ಪ್ರತಿ ಸಾಲನ್ನೂ ಎರಡು ಸಲ ಓದಿ ಸಹಿ ಮಾಡಿದೆ. ಚಪ್ಪಲಿ ಕಳಚಿ ಹೊಲಕ್ಕಿಳಿದೆ.

ಹತ್ತಿಕಟ್ಟಿಗೆ ಕಿತ್ತ ನೆಲ; ಉಳಿದ ಮೋಟುಗಳು ಅಂಗಾಲಿಗೆ ಚುಚ್ಚುತ್ತಿದ್ದವು. ಪಕ್ಕದ ಹೊಲದ ರೈತರೊಬ್ಬರು ಮಾತ್ರ ನಾಲ್ಕು ಹೆಜ್ಜೆ ಹಿಂದೆ ಬರುತ್ತ, ಗಡಿಕಲ್ಲು ಬಂದಲ್ಲೆಲ್ಲ ಗುರುತು ತೋರಿಸುವಂತೆ ಕೆಮ್ಮುತ್ತಿದ್ದರು. ಬೇಕೆಂದೇ ನಾನು ನಿಧಾನವಾಗಿ ನಡೆದೆ. ತಿರುಗಿ ಬರುವಷ್ಟರಲ್ಲಿ ಕಾಕಾ ಗಾಡಿ ಕಟ್ಟಿಕೊಂಡು ಹೋಗಿಬಿಟ್ಟಿದ್ದರು.

"ಒಂದು ಮಾತ್ರೀ" ಎಂದರು ಹಿಂದೆ ಬಂದ ರೈತರು. "ನಾಳೆ ನಮ್ಮ ಎತ್ತು ನಿಮ್ಮ ಹೊಲಕ್ಕ ನುಗ್ಗಿದ್ರ, ಮಾತು ಯಾರ ಕೂಡ ಆಡೂಣ್ರಿ? ನಿಮ್ಮ ಕಾಕಾರ ಕೂಡೇನು?"

"ನನ್ನ ಕೂಡ ಆಡ್ರಿ" ಎಂದೆ. "ಮೊದಲು ಎತ್ತು ಹೊರಗ ಹೊಡಕೊಂಡು ಬರ್ರಿ."