ವಿಭೂತಿ ಹಚ್ಚಿದ ಹಲಗೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ತುಮಕೂರಿನ ಬಟವಾಡಿಯಲ್ಲಿ ಬಾಡಿಗೆಗಿದ್ದೆವು. ದೇವರ ಗೂಡಿನ ಪಕ್ಕ, ಹೆಂಗಸೊಬ್ಬಳ ಚಿತ್ರ ಬರೆದ ಮರದ ಹಲಗೆಯೊಂದು ತೂಗುತ್ತಿತ್ತು. ಕುಣಿಗಲ್ಲಿನಲ್ಲಿ ಕುದುರೆ ಸಾಕುತ್ತಿದ್ದ ಇಂಗ್ಲಿಷ್ ದೊರೆಯೊಬ್ಬ ಊರು ಬಿಡುವಾಗ ಮಾವನವರ ತಂದೆಗೆ ಕೊಟ್ಟದ್ದಂತೆ. ತಲೆಗೆ ಬಿಳಿ ವಸ್ತ್ರ, ಜೋಡಿಸಿದ ಕೈ. ಅತ್ತೆಯ ಪಾಲಿಗೆ ಆಕೆ ಯಾರೋ ಶರಣೆ. ಪ್ರತಿ ಸೋಮವಾರ ಒದ್ದೆ ಬಟ್ಟೆಯಿಂದ ಮುಖ ಒರೆಸಿ ವಿಭೂತಿ ಹಚ್ಚುತ್ತಿದ್ದರು.

ಒಂದು ದಿನ ನಮ್ಮ ಯಜಮಾನರು ಚಿತ್ರಕಲೆಯ ಮೇಷ್ಟ್ರೊಬ್ಬರನ್ನು ಕರೆತಂದರು. ಅವರು ಹಲಗೆ ಇಳಿಸಿ, ಹಿಂದುಮುಂದು ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದರು.

"ಐನೂರು ವರ್ಷದ್ದಿರಬಹುದು. ಹಾಲೆಂಡ್ ಕಡೇದು. ಹದಿನೈದು ದಿನ ಕೊಡಿ, ಬೆಂಗಳೂರಲ್ಲಿ ತೋರಿಸ್ಕೊಂಡು ಬರ್ತೀನಿ."

ಕೊಟ್ಟ ಹಲಗೆಯೇ ವಾಪಸು ಬರುತ್ತದೆಂದು ಏನು ಗ್ಯಾರಂಟಿ? ಅತ್ತೆಯ ಮುಖ ಬಿಳಿಚಿಕೊಂಡಿತ್ತು.

"ಬರೆದೋರ ಹೆಸರೇ ಇಲ್ವಲ್ಲ ಸಾರ್, ಹೆಂಗೆ ಹೇಳ್ತೀರ?" ಎಂದೆ.

"ಆಗ ಹೆಸರು ಹಾಕ್ತಿದ್ದೋರು ಕಮ್ಮಿ ಕಣಮ್ಮ. ಉಗುರು, ಬಟ್ಟೆ ಮಡಿಕೆ ನೋಡಿ ಯಾರ ಕೈ ಅಂತ ಗುರುತು ಹಿಡಿಯೋದು. ನೋಡಿ, ತಲೆವಸ್ತ್ರಕ್ಕೆ ಚುಚ್ಚಿರೋ ಪಿನ್ನನ್ನೂ ಬಿಟ್ಟಿಲ್ಲ."

ಅದನ್ನು ಸುಳ್ಳೆನ್ನಲಾಗಲಿಲ್ಲ. ರೊಟ್ಟಿಯ ಅಂಚು ನೋಡಿ, ತಟ್ಟಿದ್ದು ಯಾವ ವಾರಗಿತ್ತಿಯೆಂದು ನಾನೂ ಹೇಳಬಲ್ಲೆ. ಹಾಗಂತ ಮನುಷ್ಯನನ್ನು ನಂಬಿಬಿಡಲೂ ಆಗಲಿಲ್ಲ. ಕಾಫಿ ಮಾಡಲು ಸಹ ಒಳಗೆ ಹೋಗದೆ ನಿಂತೆ.

ಮೇಷ್ಟ್ರು ಚಿತ್ರದ ಹಣೆಯ ವಿಭೂತಿ ಒರೆಸಿ, ಹಲಗೆಯನ್ನು ಕಣ್ಣಿನ ಹತ್ತಿರ ಹಿಡಿದರು. "ಮುಖ ಮಾತ್ರ ಮೊದಲು ಬರೆದೋನ ಕೈಯದಲ್ಲ. ಇದು ಯಾರ್ದು?"

ಅತ್ತೆ ಸೆರಗು ಹಿಂಡುತ್ತಾ ಹೇಳಿದರು: "ಒರೆಸೀ ಒರೆಸೀ ಮೂಗು, ಬಾಯಿ ಎಲ್ಲಾ ಅಳಿಸೋಗಿತ್ತು ಕಣಪ್ಪ. ಗುಬ್ಬೀಲಿ ನಾಟಕದ ಪರದೆ ಬರೆಯೋನ ಹತ್ರ ಬರೆಸ್ದೆ. ನಮ್ಮವ್ವ ಹಿಂಗಿದ್ಲು, ಹಂಗೇ ಬರಿ ಅಂದೆ."

"ನಂಗ್ಯಾಕೆ ಹೇಳ್ಲಿಲ್ಲ?" ಎಂದರು ಯಜಮಾನರು.

"ಹೇಳಿದ್ರೆ ಬಯ್ತಿದ್ದೆ. ಬುಡು, ಈಗ ಬಯ್ಯಿ."

ಮೇಷ್ಟ್ರು ನಗಲಿಲ್ಲ. "ಬೆಂಗಳೂರಿಗೆ ಹೋದ್ರೆ ಮೊದಲು ಈ ಮುಖಾನೇ ಕೆರೆದು ತೆಗೀತಾರೆ. ಯೋಚ್ನೆ ಮಾಡಿ ಹೇಳಿ," ಎಂದು ಎದ್ದರು. ಕೆರೆಯುವ ಮಾತು ನಿಜವೋ, ಅತ್ತೆಯನ್ನು ನೋಡಿ ಕಟ್ಟಿದ್ದೋ, ನನಗಿಂದಿಗೂ ಅನುಮಾನವಿದೆ. ಹೇಗಿದ್ದರೂ ಅದು ಶಿವನ ದಯೆ.

ಅವರು ಹೋದ ಮೇಲೆ ಯಜಮಾನರು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಮುಖವನ್ನೇ ನೋಡುತ್ತಾ ಕೂತರು. ಅಜ್ಜಿಯನ್ನು ಅವರು ಕಂಡವರಲ್ಲ, ಫೋಟೋವೂ ಇರಲಿಲ್ಲ.

"ಅಜ್ಜಿ ಮೂಗು ಇಷ್ಟು ಉದ್ದ ಇತ್ತಾ?" ಎಂದು ಕೇಳಿದರು.

"ಇನ್ನೂ ಒಸಿ ಉದ್ದ," ಎಂದರು ಅತ್ತೆ.

ಯಜಮಾನರೇ ಎದ್ದು ಹಲಗೆಯನ್ನು ಮೊಳೆಗೆ ತಗುಲಿಸಿದರು.